ಸೇವ್ ಆಗದ ಅಂಚು

ಜೂನ್ 9, ಸೋಮವಾರ
ಐದನೇ ದಿನ. 212ನೇ ಸಾಲು. ಬೆನ್ನು ನೋವು.
ಮುಳ್ಳೂರಿನ ಗೋವಿಂದಮ್ಮ ಇವತ್ತೂ ನನಗಿಂತ ಮೊದಲೇ ಬಂದು ನನ್ನ ಸೀರೆ ಡಿಸೈನ್ ಅಂಗಡಿ ಮುಂದೆ ಕೂತಿದ್ದರು. ಅವರ ತಾಯಿ ನೇಯ್ದ ರೇಷ್ಮೆ ಸೀರೆಯ ರುದ್ರಾಕ್ಷಿ ಅಂಚು — ಉಳಿದಿರುವುದು ಒಂದೇ ತುಂಡು, ಮುಟ್ಟಿದರೆ ಪುಡಿ. ಅವರು ಎಳೆ ಎಣಿಸಿ ಹೇಳುತ್ತಾರೆ, ಅದನ್ನು ಮತ್ತೆ ಮಗ್ಗದಲ್ಲಿ ನೇಯಿಸಲು ನಾನು ಕಂಪ್ಯೂಟರಿನಲ್ಲಿ ಎಳೆಗೊಂದು ಚುಕ್ಕಿ ಇಡುತ್ತೇನೆ. ಎಣಿಸಿದ ಎಳೆ ಕಿತ್ತರೇ ಮುಂದಿನ ಸಾಲು ಕಾಣುವುದು. ಇಲ್ಲಿ ಬೆಳೆದಷ್ಟೂ ಅಲ್ಲಿ ಮುಗಿಯುತ್ತದೆ.
ಸೇವ್ ಒತ್ತಿದರೆ ಹೆಸರು ಕೇಳಿತು. ಏನಿಡಲಿ ಅಂದೆ.
"ಮುಗಿಯೋ ಗಂಟ ಎಸರು ಇಡಬಾರ್ದು ಕಣಪ್ಪ. ನಮ್ಮವ್ವ ಇಡ್ತಿರ್ನಿಲ್ಲ."
ಒಂದು ನಂಬರ್ ಹಾಕಬಹುದಿತ್ತು. ವಾದ ಮಾಡಲು ತ್ರಾಣ ಇರಲಿಲ್ಲ. ಸೇವ್ ಮಾಡದೆ, ಮಷಿನ್ ಆಫ್ ಮಾಡದೆ ಮನೆಗೆ ಬಂದೆ.

ಜೂನ್ 13
ಅವರ ಎಡಗಣ್ಣು ಹೋಗಿ ಎರಡು ವರ್ಷ. ಈಗ ಬಲಗಣ್ಣೂ ಮಂಜು. ಸಕ್ಕರೆ ಕಾಯಿಲೆ. ಕಣ್ಣಿರುವಾಗಲೇ ಮುಗಿಸಬೇಕಂತೆ, ಊಟಕ್ಕೂ ಏಳುವುದಿಲ್ಲ. ರೇಗಿದೆ. ಆಮೇಲೆ ನಾಚಿಕೆಯಾಯಿತು.

ಜೂನ್ 18, ಮಧ್ಯಾಹ್ನ 12.40
640. ಕೊನೆಯ ಸಾಲು. ಸೇವ್ ಒತ್ತಿದೆ. ಹೆಸರು ಕೇಳುವ ಪೆಟ್ಟಿಗೆ ತೆರೆದುಕೊಂಡು ಅಲ್ಲೇ ನಿಂತಿತು. ಹ್ಯಾಂಗ್. ಆ ಪೆಟ್ಟಿಗೆಯಲ್ಲಿ ಕೀಲಿ ಒತ್ತಿದರೂ ಇಲ್ಲ, ಮೌಸ್ ಒತ್ತಿದರೂ ಇಲ್ಲ.
ಗೋವಿಂದಮ್ಮನ ಮಡಿಲಲ್ಲಿ ಬರೀ ಎಳೆಗಳ ಗುಪ್ಪೆ.
"ಮುಗೀತೇನಪ್ಪ ರಂಗನಾಥ?"
ಹೂಂ ಅಂದೆ. ಬಸ್ಸು ಹತ್ತಿಸಿ ಬಂದೆ.

ಅದೇ ದಿನ, 3.15
ಯಳಂದೂರಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ದೀಪಾಗೆ ಫೋನ್.
"ಕಿಲ್ ಮಾಡಿ ಮುಚ್ಬುಡ್ಬೇಡಿ ಸಾ! ಪ್ರೋಗ್ರಾಂ ಸಾಯ್ದೆ ಇದ್ರೆ ಅಂಚು ಅದ್ರ ಮೆಮೊರೀಲೇ ಅದೆ."
ಒಂದು ಪ್ರೋಗ್ರಾಂ ಇನ್ನೊಂದರ ಮೆಮೊರಿಗೆ ಕೈ ಹಾಕುವಂತಿಲ್ಲ. ಬೀಗದ ಕೈ ಮಷಿನ್ ಒಳಗಿನ ಕಾವಲುಗಾರ ಕರ್ನಲ್ ಹತ್ತಿರ ಮಾತ್ರ. ನಾವು ಕೇಳಬೇಕು, ಅದು ಆ ಪ್ರೋಗ್ರಾಂ ಮನೆಗೆ ಹೋಗಿ ತಂದುಕೊಡಬೇಕು. ಇನ್ನೊಂದು ಕಿಟಕಿ ತೆರೆದು, ದೀಪ ಹೇಳಿದಂತೆ ಟೈಪ್ ಮಾಡಿ ಕೇಳಿದೆ. ಪರ್ಮಿಶನ್ ಇಲ್ಲ ಅಂತು. ನನ್ನದೇ ಮಷಿನ್, ನನ್ನದೇ ಹದಿನಾಲ್ಕು ದಿನ, ನನಗೇ ಪರ್ಮಿಶನ್ ಇಲ್ಲ!
"ರೂಟ್ ಆಗಿ ಓಗಿ ಸಾ, ಮಷಿನ್ ಯಜಮಾನ್ರ ಪಾಸ್‌ವರ್ಡ್ ಆಕಿ."
ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕೂಗುತ್ತಿದೆ. ಪಾಸ್‌ವರ್ಡ್ ಎರಡು ಸಲ ತಪ್ಪಿದೆ…

4.05
ಬಂತು. ಬರೀ ಅಂಕಿಗಳ ರಾಶಿ. ಪೆನ್‌ಡ್ರೈವ್‌ಗೆ ಇಳಿಸಿದ ಮೇಲೆ ಮಷಿನ್ ಸತ್ತಿತು.

ಜೂನ್ 19
ಆ ರಾಶಿಯನ್ನು ಚಿತ್ರವಾಗಿ ತೆರೆದೆ. ಸಾಲಿಗೆ 480 ಎಳೆ ತಾನೆ, 480 ಕೊಟ್ಟೆ. ಎಲ್ಲ ಓರೆ. ದೀಪ ಅಂದಳು, ಕೆಲವು ಪ್ರೋಗ್ರಾಂ ಸಾಲಿನ ಕೊನೆಗೆ ಖಾಲಿ ಜಾಗ ಬಿಡುತ್ತವೆ. 512 ಕೊಟ್ಟೆ. ರುದ್ರಾಕ್ಷಿಗಳು ನೆಟ್ಟಗೆ ನಿಂತವು.
ಅತ್ತುಬಿಟ್ಟೆ. ನಲವತ್ತೇಳು ವರ್ಷದವನು, ಅಂಗಡಿಯಲ್ಲಿ ಕೂತು. ಆಮೇಲೆ ಮಲಗಿಬಿಟ್ಟೆ.

ಜುಲೈ 24
ನೇಕಾರ ನಿಂಗರಾಜು ಮಗ್ಗದಲ್ಲಿ ಮೊಳದುದ್ದ ನೇಯ್ದು ಕೊಟ್ಟ. ಗೋವಿಂದಮ್ಮ ಬಂದರು, ಮೊಮ್ಮಗಳ ಕೈ ಹಿಡಿದು. ಬಲಗಣ್ಣೂ ಹೋಗಿದೆ. ಅಂಚಿನ ಮೇಲೆ ಬೆರಳಾಡಿಸಿದರು. ಮುಖ ಅರಳಿತು. ಆಮೇಲೆ ಬೆರಳು ಒಂದೇ ಜಾಗಕ್ಕೆ ಮೂರು ಸಲ ಬಂತು.
"ಇಲ್ಲಿ ನಮ್ಮವ್ವ ಒಂದೆಳೆ ತಪ್ಪಿದ್ಲಲ್ಲಪ್ಪ. ನಾನು ತೊಟ್ಲಲ್ಲಿ ಅತ್ತೆ ಅಂತ ಎದ್ದು ಬಂದಿದ್ಲಂತೆ. ಅದೆಲ್ಲಿ?"
388ನೇ ಸಾಲು. ಮಗ್ಗಕ್ಕೆ ಕೊಡುವ ಮೊದಲು ಅಲ್ಲೊಂದು ಚುಕ್ಕಿ ಖಾಲಿ ಕಂಡಿತ್ತು. ಮೆಮೊರಿ ಓದುವಾಗ ಬಿದ್ದುಹೋಗಿದೆ ಅಂದುಕೊಂಡು ನಾನೇ ತುಂಬಿದ್ದೆ.
ಹೇಳಿಬಿಟ್ಟೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಪೆನ್‌ಡ್ರೈವ್ ಹಾಕಿ ಮೊದಲ ಪ್ರತಿ ತೆರೆದೆ. ಆ ಚುಕ್ಕಿ ಹಾಗೇ ಖಾಲಿ ಇದೆ. "ಅದೆ ಅವ್ವ, ಇಲ್ಲೇ ಅದೆ" ಅಂದೆ. ಅವರು ತಡವುತ್ತಾ ಕೈ ಚಾಚಿ, ಪರದೆಯ ನುಣ್ಣನೆ ಗಾಜಿನ ಮೇಲೆ ಬೆರಳಿಟ್ಟು, ಎಲ್ಲಿ, ಎಲ್ಲಿ ಅಂತ—