ನನ್ನ ಮೊಟ್ಟೆಯನ್ನು ಮನೆಗೆ ಕಳಿಸಬೇಡಿ

ಗರ್ಭಿಣಿಯರ ಊಟದ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಒಂದು ಆದೇಶದಿಂದಾಗಿ ಆರು ತಿಂಗಳ ಬಸುರಿ ನಾನು ಒದೆ ತಿಂದಿದ್ದೇನೆ. ಒದ್ದವನು ನನ್ನ ಗಂಡ. ಅವನ ವಿಚಾರ ಪೊಲೀಸ್ ಠಾಣೆಯಲ್ಲಿದೆ, ಈ ಪತ್ರ ನಿಮಗೆ. ತೆಲುಗಿನಲ್ಲಿ ಬರೆಸಿ ಕೊಟ್ಟ ಅರ್ಜಿಯನ್ನು ನಿಮ್ಮ ಕಚೇರಿ ಓದಲಿಲ್ಲ. ಈಗ ನನ್ನ ಸಿಟ್ಟು ಹೊರಬರುವ ಕನ್ನಡದಲ್ಲಿ, ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಮ್ಮದು ಸೇಡಂ ಕಡೆಯ ಮನೆತನ, ಈಗ ತೆಲುಗು ಸೀಮೆಯ ಉಪ್ಪಲ್‌ನಲ್ಲಿ ವಾಸ. ಬಸುರಿ ಹೆಚ್ಚು ಉಂಡರೆ ಕೂಸು ದಪ್ಪಾಗಿ ಹೆರಿಗೆ ಕಷ್ಟ ಅನ್ನುವುದು ನನ್ನ ಅತ್ತೆಯ ನಂಬಿಕೆ. "ಅರ್ಧ ರೊಟ್ಟಿ ಸಾಕವಾ, ಹೊಟ್ಟ್ಯಾಗ ಕೂಸಿಗೆ ಜಾಗ ಬ್ಯಾಡೇನು?" ಅನ್ನುತ್ತಾರೆ. ಹಾಗೆ ಅರ್ಧ ರೊಟ್ಟಿಯ ಮೇಲೆ ಹುಟ್ಟಿದವಳು ನನ್ನ ಪೂರ್ವಿ. ಆರು ವರ್ಷದ ಹುಡುಗಿ, ಬೆಳಿಗ್ಗೆ ಕಲಿತ ಅಕ್ಷರ ಸಂಜೆಗೆ ಮರೆತು ಪಿಳಿಪಿಳಿ ನನ್ನ ಮುಖ ನೋಡುತ್ತಾಳೆ. ಶಾಲೆಯಲ್ಲಿ ಅವಳನ್ನು ಮೊದ್ದು ಅನ್ನುತ್ತಾರೆ. ಡಾಕ್ಟರನ್ನು ಕೇಳಿದೆ. "ಇದೊಂದೇ ಕಾರಣ ಅಂತ ಹೇಳೋಕಾಗಲ್ಲಮ್ಮ. ಆದರೆ ಕೂಸಿನ ಮಿದುಳು ಬೆಳೆಯೋಕೆ ಶುರುವಾಗೋದು ತಾಯಿ ಹೊಟ್ಟೆಯಲ್ಲೇ. ಕಬ್ಬಿಣಾಂಶ, ಅಯೋಡಿನ್, ಪ್ರೋಟೀನ್ ಕಡಿಮೆ ಬಿದ್ದರೆ ಮುಂದೆ ಕಲಿಕೆಗೆ ಪೆಟ್ಟು ಬೀಳಬಹುದು. ಈ ಸಲ ಚೆನ್ನಾಗಿ ಊಟ ಮಾಡಿ" ಅಂದರು. ಎಲ್ಲಿ ಮಾಡಲಿ ಸ್ವಾಮಿ? ಯಾರ ಅಡುಗೆಮನೆಯಲ್ಲಿ?

ಜಾಗ ಒಂದಿತ್ತು, ನಮ್ಮ ಓಣಿಯ ಅಂಗನವಾಡಿ. ಮಧ್ಯಾಹ್ನ ಅನ್ನ, ಬೇಳೆಯ ಪಪ್ಪು, ಹಾಲು, ಬೇಯಿಸಿದ ಮೊಟ್ಟೆ. ಅಲ್ಲೇ ಕೂತು ತಿನ್ನಬೇಕು, ಅದು ನಿಯಮ. "ಪೂರ್ವಿಗೆ ಡಬ್ಬಿ ಕೊಟ್ಟು ಬರ್ತೀನ್ರಿ" ಅಂತ ಅತ್ತೆಗೆ ಹೇಳಿ ಹೊರಡುತ್ತಿದ್ದೆ. ಲಿಂಗ ಕಟ್ಟಿಕೊಂಡ ಮನೆಯ ಸೊಸೆ ಮೊಟ್ಟೆ ತಿನ್ನುವುದನ್ನು ಟೀಚರ್ ವಿಜಯಶ್ರೀ ನೋಡಿದರು, ನನ್ನಂಥ ಬಸುರಿಯರು ನೋಡಿದರು. ಯಾರೂ ಬಾಯಿ ಬಿಡಲಿಲ್ಲ. ತಿಂದು, ಬಾಯಿ ತೊಳೆದು, ಸೋಂಪು ಜಗಿದು ಮನೆ ಸೇರುತ್ತಿದ್ದೆ. ಒಳಗೆ ಕೂಸು ಕಾಲು ಝಾಡಿಸುತ್ತಿತ್ತು. ಭಾಳ ಖುಷಿ ಆಗುತ್ತಿತ್ತು ನನಗೆ.

ಅಷ್ಟರಲ್ಲಿ ತಮಗೆ ಕರುಣೆ ಉಕ್ಕಿ ಬಂತು. ಬಸುರಿಯರು ಬಿಸಿಲಲ್ಲಿ ನಡೆಯಬಾರದಂತೆ! ಅಂಗನವಾಡಿ ಕೇಂದ್ರದ ಊಟ ನಿಲ್ಲಿಸಿ ಮೊಟ್ಟೆಯ ಟ್ರೇ, ಹಾಲಿನ ಪ್ಯಾಕೆಟ್, ಬೇಳೆ ಎಲ್ಲವನ್ನೂ ಮನೆ ಬಾಗಿಲಿಗೇ ಕಳಿಸಿದಿರಿ. ಆ ಬಾಗಿಲು ತೆಗೆಯುವವರು ಯಾರು ಅಂತ ಒಮ್ಮೆಯಾದರೂ ಕೇಳಿದಿರಾ? ತೆಗೆದವರು ನನ್ನ ಅತ್ತೆ. ಪಾಪ, ಅಂಗನವಾಡಿಯ ಆಯಾ ಬಂದು ಟ್ರೇಯನ್ನು ಅವರ ಕೈಗಿಟ್ಟು, ನಿಮ್ಮ ಸೊಸೆ ದಿನಾ ಇಷ್ಟಪಟ್ಟು ತಿಂತಾಳೆ ಅಂತ ತೆಲುಗಿನಲ್ಲಿ ಹೇಳಿ ನಕ್ಕು ಹೋದಳು.

ಸಂಜೆ ದಿಲ್‌ಸುಖ್‌ನಗರದ ಅಂಗಡಿಯಿಂದ ಗಂಡ ಬಂದ. ಟ್ರೇ ಎತ್ತಿ ನನ್ನ ತಲೆಗೇ ಅಪ್ಪಳಿಸಿದ. ಲೋಳೆ ಕಣ್ಣಿಗಿಳಿಯಿತು. ಜಡೆ ಹಿಡಿದು ತಲೆಯನ್ನು ಗೋಡೆಗೆ ಗುದ್ದಿಸಿದ. "ದಿನಾ ಇದನ್ನ ತಿಂದು ಬಂದು ದೇವರ ಮನಿ ಮುಟ್ಟತಿದ್ದೇನು?" ಅನ್ನುತ್ತ ಒದ್ದ. ಎರಡೂ ಕೈ ಹೊಟ್ಟೆಗೆ ಅಡ್ಡ ಹಿಡಿದು ಮಗ್ಗುಲಾದೆ, ಒದೆ ಸೊಂಟಕ್ಕೆ ಬಿತ್ತು, ಬೆನ್ನಿಗೆ ಬಿತ್ತು. ಪೂರ್ವಿ ಬಾಗಿಲ ಸಂದಿಯಲ್ಲಿ ನಿಂತು ನೋಡಿದಳು. ಅಕ್ಷರ ಮರೆಯುವ ಹುಡುಗಿ ಇದನ್ನು ಮಾತ್ರ ಮರೆತಿಲ್ಲ. ಬೇಳೆ ಅತ್ತೆಯ ಡಬ್ಬಿಗೆ ಹೋಯಿತು, ಹಾಲು ಗಂಡನ ಚಹಾಕ್ಕೆ.

ದೂರು ಕೊಟ್ಟ ಮೇಲೆ ಅವನು ಕೈ ಎತ್ತಿಲ್ಲ. ಎತ್ತಿದರೆ ರೊಟ್ಟಿ ಬಡಿದು ಗಟ್ಟಿಯಾದ ಕೈ ನನಗೂ ಐತಿ, ಹಲ್ಲು ಉದುರಿಸುತ್ತೇನೆ. ಆದರೆ ನನ್ನ ತಾಟಿಗೆ ಬೀಳುವುದು ಇವತ್ತಿಗೂ ಅರ್ಧ ರೊಟ್ಟಿ. ಒಳಗಿನ ಮಿದುಳು ನಿಮ್ಮ ಸಭೆ ಮುಗಿಯುವ ತನಕ ಕಾಯುತ್ತದೆಯೇ? ಇನ್ನೊಂದು ಮಗುವನ್ನೂ ಮೊದ್ದು ಅನ್ನಿಸಿಕೊಳ್ಳಲು ಶಾಲೆಗೆ ಕಳಿಸಲೇ?

ಕೇಂದ್ರದ ಒಲೆ ಹಚ್ಚಿಸಿ. ಬಿಸಿಲಿಗೆ ಕೊಡೆ ನಾವೇ ಹಿಡಿಯುತ್ತೇವೆ. ಬರುವ ಸೋಮವಾರ ಮಧ್ಯಾಹ್ನ ತಾಟು ಹಿಡಿದು ಅಲ್ಲಿ ಬಂದು ಕೂರುತ್ತೇನೆ, ಮೊಟ್ಟೆ ಬೆಂದಿರಬೇಕು. ಬೆಂದಿರದಿದ್ದರೆ ಹಸಿ ಮೊಟ್ಟೆಯ ಟ್ರೇ ಹೊತ್ತು ನಿಮ್ಮ ಕಚೇರಿಗೇ ಬರುತ್ತೇನೆ. ತಲೆಯ ಮೇಲೆ ಒಡೆದಾಗ ಲೋಳೆ ಕಣ್ಣಿಗೆ ಹೇಗೆ ಇಳಿಯುತ್ತದೆ ಎಂದು ತಮಗೂ ಗೊತ್ತಾಗಲಿ.

ಇಂತಿ,
ನಿಮ್ಮ ದಾಖಲೆಯಲ್ಲಿ ದಿನವೂ ಹೊಟ್ಟೆ ತುಂಬ ಉಣ್ಣುತ್ತಿರುವ
ಶರಣಬಸಮ್ಮ, ಉಪ್ಪಲ್