ವೀಳ್ಯ ತಿಂದು ಮಾತು ಮರೆತ ಸಾಹೇಬರಿಗೆ

ಮಾನ್ಯ ಶಾಲಾ ತಪಾಸಣಾಧಿಕಾರಿಗಳೇ,

ತಮ್ಮ ಮಾತು ನಂಬಿ ನಾನು ಮೆಟ್ರಿಕ್ಕಿಗೆ ವಿಜ್ಞಾನ ಬಿಟ್ಟು ಫಾರ್ಸಿ ಭಾಷೆ ತೆಗೆದುಕೊಂಡೆ. ಅದೇ ಕಾರಣಕ್ಕೆ ಇಂದು ವೈದ್ಯಕೀಯ ಓದುವ ದಾರಿ ನನಗೆ ಮುಚ್ಚಿಹೋಗಿದೆ. ತಾವು ಮೋಸ ಮಾಡಿದಿರಿ ಎಂದು ಬರೆಯಹೊರಟಾಗ ಗೆಳೆಯರು ತಡೆದರು. 'ದಾರಿ ತಪ್ಪಿಸಿದಿರಿ' ಅಂತ ಬರೆ, ಮರ್ಯಾದೆಯಾಗಿ ಇರುತ್ತದೆ ಎಂದರು. ಬಹಳ ಯೋಚಿಸಿದೆ. ದಾರಿ ಗೊತ್ತಿಲ್ಲದವನು ತಪ್ಪು ದಾರಿ ತೋರಿಸಿದರೆ ಅದು ದಾರಿ ತಪ್ಪಿಸಿದ್ದು. ದಾರಿ ಬಲ್ಲವನು ಹಾಗೆ ಮಾಡಿದರೆ ಅದಕ್ಕೆ ಮೋಸ ಎನ್ನದೆ ಬೇರೆ ಹೆಸರು ನನಗೆ ಸಿಗಲಿಲ್ಲ.

ಈ ಪತ್ರವನ್ನು ತಮ್ಮ ಕಚೇರಿಗೆ ಕಳಿಸದೆ ನಿಜಾಮ ಸೀಮೆಯ ಗಡಿಯಾಚೆಯ ಕನ್ನಡ ವಾರಪತ್ರಿಕೆಗೆ ಏಕೆ ಕಳಿಸಿದ್ದೇನೆಂದು ತಾವು ಕೇಳಬಹುದು. ಕಚೇರಿಗೂ ಕಳಿಸಿದ್ದೆ. ಒಳ್ಳೆಯ ಉರ್ದುವಿನಲ್ಲಿ, ನಡುನಡುವೆ ತಮಗೆ ಪ್ರಿಯವಾದ ಫಾರ್ಸಿ ಮಾತುಗಳನ್ನು ಸೇರಿಸಿಯೇ ಬರೆದಿದ್ದೆ. ಉತ್ತರ ಬರಲಿಲ್ಲ. ಹಾಗಾಗಿ ನನ್ನ ಅವ್ವ ನನ್ನನ್ನು ಬೈಯುವ ಭಾಷೆಯಲ್ಲಿ ಈಗ ಬರೆಯುತ್ತಿದ್ದೇನೆ. ತಮಗೆ ಕನ್ನಡ ಓದಲು ಬಾರದಿದ್ದರೂ ಮಾತಾಡಲು ಚೆನ್ನಾಗಿ ಬರುತ್ತದೆ. ಅಷ್ಟು ಚೆನ್ನಾಗಿ ಬಂದದ್ದರಿಂದಲೇ ನಾವು ತಮ್ಮನ್ನು ನಂಬಿದೆವು. ಕಚೇರಿಯಲ್ಲಿ ಯಾರಾದರೂ ಇದನ್ನು ಓದಿ ಹೇಳಿಯಾರು.

ತಮಗೆ ಮರೆತಿರಬಹುದಾದ ಆ ದಿನವನ್ನು ನೆನಪಿಸುತ್ತೇನೆ. ತಾವು ತಾಂಡೂರಿನ ನಮ್ಮ ಶಾಲೆಗೆ ತಪಾಸಣೆಗೆ ಬಂದಿದ್ದಿರಿ. ಎಂಟನೇ ತರಗತಿ ಮುಗಿಸಿದ ನಾವೆಲ್ಲ ಮುಂದಿನ ಎರಡು ವರ್ಷಕ್ಕೆ ಐಚ್ಛಿಕ ವಿಷಯ ಆರಿಸಿಕೊಳ್ಳಬೇಕಾಗಿತ್ತು. ಒಂದು ಕಡೆ ವಿಜ್ಞಾನ, ಇನ್ನೊಂದು ಕಡೆ ಫಾರ್ಸಿ. ಊರಿನ ಹಿರಿಯರನ್ನೂ ಕರೆಸಿದ್ದರು. ಗಣಿ ಇಟ್ಟುಕೊಂಡು ಹಾಸುಗಲ್ಲಿನ ವ್ಯಾಪಾರ ಮಾಡುವ ನನ್ನ ಅಪ್ಪ ಶಾಂತಪ್ಪ ಹೊಸ ರುಮಾಲು ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದ. ತಾವು ನನ್ನನ್ನು ಎಬ್ಬಿಸಿ, ಮುಂದೆ ಏನಾಗುತ್ತೀಯೆಂದು ಕೇಳಿದಿರಿ.

"ಡಾಕ್ಟರ್ ಆಗ್ತೀನ್ರಿ ಸಾಹೇಬ್ರ. ಕಣ್ಣಿನ ಡಾಕ್ಟರ್," ಅಂದೆ. ಎಲ್ಲರೂ ನಕ್ಕರು. ತಾವು ನಗಲಿಲ್ಲ. ಅದು ನನಗೆ ಎಷ್ಟು ಹಿಡಿಸಿತೆಂದರೆ, ಆ ಕ್ಷಣದಲ್ಲಿ ತಾವು ಏನು ಹೇಳಿದ್ದರೂ ಕೇಳುತ್ತಿದ್ದೆ.

"ಹಂಗಾದ್ರ ಫಾರ್ಸಿ ತಗೋ," ಅಂದಿರಿ. "ಡಾಕ್ಟರಿ ಕಿತಾಬೆಲ್ಲಾ ಉರ್ದುದಾಗ ಅದಾವ. ಉರ್ದು ಗಟ್ಟಿ ಆಗಬೇಕಂದ್ರ ಬುನಾದಿ ಫಾರ್ಸಿದು ಬೇಕು. ಮತ್ತ ಫಾರ್ಸಿದಾಗ ನಂಬರ್ ಭರಪೂರ ಬೀಳ್ತಾವ. ಅವ್ವಲ್ ದರ್ಜಾದಾಗ ಪಾಸಾಗಿ ಬಾ, ಮುಂದಿಂದು ನನಗ ಬಿಡು."

ಎಷ್ಟು ಸೊಗಸಾದ ಮಾತು! ಅದರಲ್ಲಿ ಒಂದೂ ಸುಳ್ಳಿಲ್ಲ ನೋಡಿ. ಪುಸ್ತಕಗಳು ಉರ್ದುವಿನಲ್ಲಿವೆ, ನಿಜ. ಅವುಗಳ ಕಠಿಣ ಪದಗಳಿಗೆ ಫಾರ್ಸಿ ನೆರವಾಗುತ್ತದೆ, ಅದೂ ನಿಜ. ಆ ಪುಸ್ತಕಗಳಿರುವ ಕೋಣೆಗೆ ವಿಜ್ಞಾನ ಓದದವನನ್ನು ಬಿಡುವುದೇ ಇಲ್ಲ ಎಂಬುದನ್ನು ಮಾತ್ರ ತಾವು ಹೇಳಲಿಲ್ಲ. ಮೆಟ್ರಿಕ್ಕಿನಲ್ಲಿ ವಿಜ್ಞಾನವಿಲ್ಲದವನಿಗೆ ಇಂಟರ್‌ಮೀಡಿಯೆಟ್ಟಿನ ವಿಜ್ಞಾನ ವಿಭಾಗವಿಲ್ಲ, ಅದಿಲ್ಲದವನಿಗೆ ವೈದ್ಯಕೀಯವಿಲ್ಲ. ಇದು ಹಳೆಯ ನಿಯಮ. ನನ್ನ ಅಪ್ಪನಿಗೆ ಅದು ಹೇಗೆ ಗೊತ್ತಿರಬೇಕು? ಅವನು ಕಲ್ಲು ಬಡಿದು ಸದ್ದಿನ ಮೇಲೆ ಒಳಗಿನ ಬಿರುಕು ಹೇಳುತ್ತಾನೆ. ತಮ್ಮ ಮಾತಿನಲ್ಲಿ ಅಂಥ ಸದ್ದೇನೂ ಇರಲಿಲ್ಲ.

ಇನ್ನು ನಮ್ಮ ಮೂರ್ಖತನದ ವಿಷಯ. ಅಪ್ಪ ಎದ್ದು ನಿಂತು, ಶಾಲೆಯವರು ತಮಗೆಂದು ತಂದಿಟ್ಟಿದ್ದ ತಟ್ಟೆಯನ್ನು ತಾನೇ ಎತ್ತಿಕೊಂಡು, ಎಲೆ ಅಡಿಕೆಯನ್ನು ಎರಡೂ ಕೈಯಿಂದ ತಮ್ಮ ಮುಂದೆ ಹಿಡಿದ. "ಹುಡುಗನ್ನ ನಿಮ್ಮ ಉಡ್ಯಾಗ ಹಾಕೀನ್ರಿ ಸಾಹೇಬ್ರ. ವೀಳ್ಯ ಹಿಡೀರಿ," ಅಂದ. ತಾವು ತೆಗೆದುಕೊಂಡಿರಿ, ಎಲೆ ಬಹಳ ಎಳೆಯದಾಗಿದೆ ಎಂದು ಹೊಗಳಿದಿರಿ, ಸುಣ್ಣ ಸವರಿ ಬಾಯಿಗೆ ಹಾಕಿಕೊಂಡಿರಿ. ಹಿಂದೆ ಕುಳಿತಿದ್ದ ರೇವಪ್ಪ ಕಾಕಾ ನಿಟ್ಟುಸಿರು ಬಿಟ್ಟು, "ಆತು, ಹುಡುಗಂದು ಪಕ್ಕಾ ಆತು," ಅಂದ.

ನಮ್ಮಲ್ಲಿ ಹೆಣ್ಣು ಗೊತ್ತಾಗುವುದು ವೀಳ್ಯದ ಮೇಲೆ. ಎತ್ತಿನ ವ್ಯಾಪಾರ ಮುಗಿಯುವುದು ವೀಳ್ಯದ ಮೇಲೆ. ನಾಲ್ಕು ಜನರ ಮುಂದೆ ವೀಳ್ಯ ಹಿಡಿದವನು ಮಾತಿಗೆ ಕಟ್ಟುಬಿದ್ದ ಹಾಗೆ. ಆಮೇಲೆ ಮಳೆ ಬರಲಿ ಸಿಡಿಲು ಬೀಳಲಿ, ಕೊಟ್ಟವನೂ ಹಿಂದೆ ಸರಿಯುವಂತಿಲ್ಲ, ಹಿಡಿದವನೂ ಸರಿಯುವಂತಿಲ್ಲ. ತಮಗೆ ಅದು ಊಟವಾದ ಮೇಲಿನ ಪಾನು. ಕಚೇರಿಗಳಲ್ಲಿ ದಿನಕ್ಕೆ ಎಷ್ಟು ಜನ ಕೊಡುತ್ತಾರೋ, ಎಷ್ಟು ತಿಂದು ಉಗುಳುತ್ತೀರೋ. ಅವತ್ತು ತಮ್ಮ ತುಟಿ ಕೆಂಪಾಯಿತು, ನನ್ನ ಹಣೆಬರಹ ಬರೆದು ಮುಗಿಯಿತು. ಇದನ್ನು ಓದಿ ನಗುವವರು ನಗಲಿ. ಇಂಥ ತಪ್ಪು ಮಾಡುವವರು ನಮ್ಮ ಸೀಮೆಯಲ್ಲೇ ಸಿಗುತ್ತಾರೆ, ಬೇರೆ ಕಡೆಯವರು ಜಾಣರು.

ಕಣ್ಣಿನ ಡಾಕ್ಟರೇ ಏಕೆ ಆಗಬೇಕಿತ್ತು ಎಂದು ತಾವು ಅಂದು ಕೇಳಲಿಲ್ಲ. ಈಗ ಹೇಳುತ್ತೇನೆ. ನಮ್ಮ ಗಣಿಗಳಲ್ಲಿ ಕಲ್ಲು ಒಡೆಯುವಾಗ ಚಕ್ಕೆ ಹಾರಿ ಕಣ್ಣಿಗೆ ಬೀಳುತ್ತದೆ. ಬಿದ್ದವರನ್ನು ನಮ್ಮೂರಿನ ಪೀರಮ್ಮ ಎಂಬಾಕೆಯ ಹತ್ತಿರ ಕರೆದೊಯ್ಯುತ್ತಾರೆ. ಆಕೆ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ರೆಪ್ಪೆ ಎತ್ತಿ ಹಿಡಿದು, ನಾಲಿಗೆಯ ತುದಿಯಿಂದ ಚಕ್ಕೆ ತೆಗೆಯುತ್ತಾಳೆ. ತಮಗೆ ಹೇಸಿಗೆ ಅನ್ನಿಸಿದರೆ ಅನ್ನಿಸಲಿ, ನಮ್ಮೂರಿನ ಕಣ್ಣಾಸ್ಪತ್ರೆ ಅದೊಂದೇ. ಪಕ್ಕದ ಯಾಲಾಲ ಊರಿನ ಸಾಯಪ್ಪ ನಮ್ಮದೇ ಗಣಿಯಲ್ಲಿ ಕೆಲಸ ಮಾಡುತ್ತಿದ್ದವನು. ಅವನ ಕಣ್ಣಿಗೆ ಬಿದ್ದ ಚಕ್ಕೆ ಆಳಕ್ಕೆ ಇಳಿದಿತ್ತು. ಪೀರಮ್ಮ ಎರಡು ಸಲ ನೋಡಿ ಕೈಚೆಲ್ಲಿದಳು. "ಒಳಗ ಹೊಕ್ಕದ್ದು ನನ್ನ ನಾಲಿಗೀಗಿ ಸಿಗಂಗಿಲ್ಲೋ ಯಪ್ಪಾ. ಇದು ಕಲ್ತವ್ರು ಮಾಡಾಕ ಬೇಕು," ಅಂದಳು. ಅಪ್ಪ ಅವನನ್ನು ರೈಲಿನಲ್ಲಿ ಪಟ್ಟಣಕ್ಕೆ ಕರೆದೊಯ್ದ. ಅಷ್ಟರಲ್ಲಿ ಕೀವು ತುಂಬಿತ್ತು. ಆ ಕಣ್ಣು ಹೋಯಿತು, ಅದರ ಹಿಂದೆ ಇನ್ನೊಂದೂ ಹೋಯಿತು. ಅಪ್ಪ ಮನೆಗೆ ಬಂದವನು ಕಾಲು ತೊಳೆಯದೆ ಕಟ್ಟೆಯ ಮೇಲೇ ಕುಳಿತು ಅವ್ವನಿಗೆ ಹೇಳಿದ್ದು ನಾನು ಕೇಳಿದ್ದೇನೆ: "ನಮ್ಮ ಕಲ್ಲು ಅವನ ಕಣ್ಣು ತಿಂದದ. ನಮ್ಮ ಮನ್ಯಾಗಿಂದೇ ಒಬ್ಬ ಕಲ್ತು ಬರಬೇಕು." ಆ ಒಬ್ಬ ನಾನು. ಮನೆಯಲ್ಲಿ ನನಗೆ ಬೇರೆ ಕೆಲಸವನ್ನೇ ಗೊತ್ತುಮಾಡಿರಲಿಲ್ಲ.

ಒಂಬತ್ತನೇ ತರಗತಿ ಶುರುವಾಗಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಫಾರ್ಸಿ ಹೇಳಿಕೊಡುವ ಮೌಲ್ವಿ ಸಾಹೇಬರಿಗೆ ನಾನು ವೈದ್ಯಕೀಯಕ್ಕೆ ಹೋಗಬೇಕೆಂದಿರುವುದು ಹೇಗೋ ತಿಳಿಯಿತು. ಅಂದೇ ಸಂಜೆ ನಮ್ಮ ಮನೆಗೆ ಬಂದರು. ಅವ್ವ ಗುರುಲಿಂಗಮ್ಮ ಚಾಪೆ ಹಾಸುವ ಮೊದಲೇ ಮಾತು ತೆಗೆದರು. "ಶಾಂತಪ್ಪ, ಹುಡುಗನ್ನ ನನ್ನ ಕ್ಲಾಸಿನಿಂದ ಬಿಡಿಸ್ರಿ. ಸೈನ್ಸಿಗಿ ಹಾಕ್ರಿ. ಇನ್ನಾ ವಕ್ತ್ ಅದ. ಫಾರ್ಸಿ ಓದಿದವನಿಗಿ ಡಾಕ್ಟರಿ ಇಲ್ಲ." ಅವರು ಮುಂದೆ ಹೇಳಿದ್ದನ್ನು ತಾವು ಗಮನವಿಟ್ಟು ಕೇಳಬೇಕು. ಫಾರ್ಸಿಗೆ ಹುಡುಗರು ಕಡಿಮೆಯಾಗಿದ್ದರಂತೆ. ಇನ್ನೂ ಕಡಿಮೆಯಾದರೆ ಅವರ ಜಾಗವೇ ರದ್ದಾಗುತ್ತಿತ್ತಂತೆ, ತಮ್ಮ ವರದಿಗೆ ಅದೊಂದು ಕಪ್ಪುಚುಕ್ಕೆಯಾಗುತ್ತಿತ್ತಂತೆ. ಅದಕ್ಕಾಗಿ ತಾವು ಬೆಂಚು ತುಂಬಿಸಲು ಬಂದಿದ್ದಿರಿ. "ನನ್ನ ನೌಕರಿ ಉಳೀಲಿ ಅಂತ ಇವನ ಜಿಂದಗಿ ಹಾಳಾಗೋದು ನನಗ ಬ್ಯಾಡ್ರಿ," ಅಂದರು ಮೌಲ್ವಿ ಸಾಹೇಬರು.

ಅಪ್ಪ ತಲೆ ಅಲ್ಲಾಡಿಸಿದ. "ವೀಳ್ಯ ಕೊಟ್ಟೀವ್ರಿ ಸಾಬ್ರ. ಅವ್ರು ಹಿಡದಾರ. ಈಗ ನಾವು ಹಿಂದ ಸರಿದ್ರ ಅವ್ರಿಗಿ ಬೇಇಜ್ಜತಿ ಮಾಡ್ದಂಗ."

"ಅವ್ರು ಪಾನ್ ತಿಂದು ಹೋಗ್ಯಾರ, ಶಾಂತಪ್ಪ. ನೀವು ಮಗನ್ನ ಕೊಟ್ಟು ಕುಂತೀರಿ."

ಅವ್ವ ಒಳಗಿನಿಂದ, "ಅವ್ರು ಹೇಳೋದ್ರಾಗ ಏನೋ ಖರೇ ಅದ, ಕೇಳ್ರಿ," ಅಂದಳು. ಅಪ್ಪ ಕೇಳಲಿಲ್ಲ. ಅಷ್ಟು ದೊಡ್ಡ ಅಧಿಕಾರಿ ನಾಲ್ಕು ಜನರ ಮುಂದೆ ಆಡಿದ ಮಾತು ತಪ್ಪುತ್ತಾನೆಂದು ಭಾವಿಸುವುದೇ ಅವನಿಗೆ ಪಾಪವೆನ್ನಿಸಿತು. ತಮ್ಮ ಮರ್ಯಾದೆ ಕಾಪಾಡಲು ನನ್ನ ಅಪ್ಪ ನನ್ನ ಭವಿಷ್ಯ ಕೊಟ್ಟ, ಸಾಹೇಬರೇ. ತಮ್ಮ ಮನೆಯವರಾದರೂ ತಮ್ಮ ಮರ್ಯಾದೆಗೆ ಇಷ್ಟು ಬೆಲೆ ಕೊಟ್ಟಿದ್ದಾರೆಯೇ?

ನಾನು ಓದಿದೆ. ಮೌಲ್ವಿ ಸಾಹೇಬರು ಮನಸ್ಸಿಟ್ಟು ಕಲಿಸಿದರು, ಅವರ ಋಣ ದೊಡ್ಡದು. ಫಾರ್ಸಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ಸವಿಯಾದ ಭಾಷೆ, ಆದರೆ ಅದರಿಂದ ಕಣ್ಣಿನೊಳಗಿನ ಚಕ್ಕೆ ಹೊರಗೆ ಬರುವುದಿಲ್ಲ. ತಾವು ಹೇಳಿದಂತೆಯೇ ಮೊದಲ ದರ್ಜೆಯಲ್ಲಿ ಪಾಸಾದೆ. ಅಪ್ಪ ಗಣಿಯ ಆಳುಗಳಿಗೆಲ್ಲ ಪೇಢೆ ಹಂಚಿದ. ಸಾಯಪ್ಪ ಮೊಮ್ಮಗಳ ಕೈ ಹಿಡಿದುಕೊಂಡು ಯಾಲಾಲಿನಿಂದ ನಡೆದು ಬಂದು, ನನ್ನ ಮುಖವನ್ನೆಲ್ಲ ಕೈಯಿಂದ ಸವರಿ ನೋಡಿ, ಹರಸಿ ಹೋದ.

ಹೈದರಾಬಾದಿನ ಕಾಲೇಜಿನಲ್ಲಿ ಗುಮಾಸ್ತ ನನ್ನ ಕಾಗದ ನೋಡಿ, ವಿಜ್ಞಾನ ಎಲ್ಲಿ ಎಂದು ಕೇಳಿದ. ಇಲ್ಲವೆಂದೆ. ಮುಂದಿನವನನ್ನು ಕರೆದ. ಅಷ್ಟೇ ನಡೆದದ್ದು. ಇಷ್ಟು ದೊಡ್ಡ ಅನ್ಯಾಯ ಅಷ್ಟು ಸಣ್ಣ ಹೊತ್ತಿನಲ್ಲಿ ಮುಗಿಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಆದರೂ ನನಗೆ ಧೈರ್ಯವಿತ್ತು. 'ಮುಂದಿಂದು ನನಗ ಬಿಡು' ಎಂದವರು ಅದೇ ಊರಿನಲ್ಲಿದ್ದರಲ್ಲ! ತಾವು ಅಷ್ಟರಲ್ಲಿ ಬಡ್ತಿ ಪಡೆದು ರಾಜಧಾನಿಗೆ ಬಂದಿದ್ದಿರಿ. ತುಂಬಿದ ಬೆಂಚುಗಳು ಯಾರಿಗೋ ಒಳ್ಳೆಯದನ್ನು ಮಾಡಿದ್ದವು, ಸಂತೋಷ. ಕಚೇರಿಯ ಹೊರಗೆ ಕಾದು ಒಳಗೆ ಬಂದೆ. ತಮಗೆ ನನ್ನ ಗುರುತು ಸಿಗಲಿಲ್ಲ. ತಾಂಡೂರು ಎಂದೆ, ಕಣ್ಣಿನ ಡಾಕ್ಟರ್ ಎಂದೆ, ವೀಳ್ಯ ಎಂದೆ. ತಾವು ನನ್ನ ಅಂಕ ನೋಡಿ ಬಹಳ ಖುಷಿಪಟ್ಟಿರಿ. ಫಾರ್ಸಿಯಲ್ಲಿ ಇಷ್ಟು ಅಂಕ ತೆಗೆದವನು ಸಾಹಿತ್ಯ ಓದಬೇಕು, ಡಾಕ್ಟರಿ ಯಾರಾದರೂ ಓದುತ್ತಾರೆ ಎಂದಿರಿ. ತಮ್ಮ ಮಾತಿನಿಂದಲೇ ಹೀಗಾಯಿತೆಂದು ನಾನು ಅಂದಾಗ ಮಾತ್ರ ತಮ್ಮ ಮುಖ ಬಿಗಿಯಿತು.

"ನಾನು ಸಲಹಾ ಕೊಟ್ಟಿದ್ದೆ, ಹುಕುಂ ಕೊಟ್ಟಿದ್ದಿಲ್ಲ," ಅಂದಿರಿ. ಆಮೇಲೆ ಮನಸ್ಸು ಕರಗಿತೇನೋ, ಮೇಜಿನ ಮೇಲಿದ್ದ ಪಾನಿನ ಡಬ್ಬಿಯನ್ನು ನನ್ನ ಕಡೆ ಸರಿಸಿದಿರಿ. ನಾನು ಮುಟ್ಟಲಿಲ್ಲ. ಹುಡುಗನಿಗೆ ನಾಚಿಕೆಯೆಂದು ತಾವು ತಿಳಿದಿರಬೇಕು. ನಾನು ನನ್ನ ಕಾಗದ ಮಡಚಿಕೊಂಡು ಹೊರಗೆ ಬಂದೆ.

ಸಲಹೆ! ತಮ್ಮ ಚಪರಾಸಿ ಊರಿಗೆ ಬಂದು 'ಹೀಗಾದರೆ ಚೆನ್ನ' ಎಂದರೆ ನಾವು ಅದನ್ನು ಫರ್ಮಾನು ಎಂದು ತಲೆಯ ಮೇಲೆ ಹೊತ್ತುಕೊಳ್ಳಬೇಕು. ತಾವು ಸಭೆಯಲ್ಲಿ ನಿಂತು 'ಹೀಗೆ ಮಾಡು' ಎಂದರೆ ಅದು ಬರಿಯ ಸಲಹೆ. ಸಲಹೆ ಯಾವುದು ಹುಕುಂ ಯಾವುದು ಎಂಬುದು ಕೆಟ್ಟ ಮೇಲೆಯೇ ಗೊತ್ತಾಗುವುದಾದರೆ, ಹದಿನಾಲ್ಕು ವರ್ಷದ ಹುಡುಗರು ಅದನ್ನು ಮೊದಲೇ ತಿಳಿಯುವುದು ಹೇಗೆ? ಅದಕ್ಕೊಂದು ಐಚ್ಛಿಕ ವಿಷಯವನ್ನಾದರೂ ಇಡಿ. ಅದನ್ನು ನಾವೆಲ್ಲರೂ ತಪ್ಪದೆ ತೆಗೆದುಕೊಳ್ಳುತ್ತೇವೆ.

ಊರಿಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅಂದಿನಿಂದ ಅವನು ನನ್ನೊಂದಿಗೆ ಉಣ್ಣಲು ಕೂಡುವುದಿಲ್ಲ, ನಾನು ಉಂಡೆದ್ದ ಮೇಲೆ ಬರುತ್ತಾನೆ. ಮಗನಿಗೆ ತಾನೇ ಕೇಡು ಮಾಡಿದೆನೆಂದು ಕೊರಗುತ್ತಿದ್ದಾನೆ. ತಮ್ಮ ಮೇಲೆ ಅವನಿಗೆ ಇಂದಿಗೂ ಸಿಟ್ಟಿಲ್ಲ. ಅವನ ಪಾಲಿನ ಸಿಟ್ಟನ್ನೂ ನಾನೇ ಹೊತ್ತಿದ್ದೇನೆ. ನನ್ನ ಕಾಲೇಜು ಹೋದದ್ದನ್ನು ಎಂದಾದರೂ ಮರೆತೇನು. ಅಪ್ಪ ತಲೆ ತಗ್ಗಿಸಿ ಗೋಡೆಯ ಕಡೆ ತಿರುಗಿ ಉಣ್ಣುವುದನ್ನು ಮರೆಯಲಾರೆ.

ಕೈಕಟ್ಟಿ ಕೂಡಲಾಗದೆ ಹಳೆಯ ಶಾಲೆಗೆ ಹೋದೆ. ಒಂಬತ್ತನೇ ತರಗತಿಗೆ ಮತ್ತೆ ಸೇರಿಸಿಕೊಳ್ಳಿ, ಎರಡು ವರ್ಷ ವಿಜ್ಞಾನ ಓದಿ ಇನ್ನೊಮ್ಮೆ ಮೆಟ್ರಿಕ್ಕಿಗೆ ಕೂಡುತ್ತೇನೆ ಎಂದು ಮುಖ್ಯೋಪಾಧ್ಯಾಯರನ್ನು ಬೇಡಿಕೊಂಡೆ. ಅವರು ಒಳ್ಳೆಯವರು, ತಮ್ಮ ಇಲಾಖೆಯನ್ನು ಕೇಳಿ ನೋಡಿದರು. ಪಾಸಾದವನನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಲು ಕಾಯಿದೆ ಇಲ್ಲವಂತೆ, ಪಾಸಾದವನು ಅದೇ ಪರೀಕ್ಷೆಗೆ ಮತ್ತೆ ಕೂಡುವಂತೆಯೂ ಇಲ್ಲವಂತೆ. "ನೀ ನಪಾಸಾಗಿದ್ರ ಸೈನ್ಸ್ ತಗೊಂಡು ಕೂಡಾಕ ಬರ್ತಿತ್ತು ನೋಡಪಾ," ಅಂದರು. ಬೆಂಚಿನ ತುದಿಯಲ್ಲಿ ಉಂಡಾಡಿಯಾಗಿ ಎರಡು ವರ್ಷ ಕಳೆದು ನಪಾಸಾದ ನನ್ನ ಜತೆಗಾರನೊಬ್ಬ ಈ ವರ್ಷ ವಿಜ್ಞಾನಕ್ಕೆ ಸೇರಿದ್ದಾನೆ. ಅವನಿಗೆ ಡಾಕ್ಟರಾಗಲು ದಾರಿ ಇದೆ. ಅವನಿಗೆ ಆಗುವ ಮನಸ್ಸಿಲ್ಲ, ಅದು ಬೇರೆ ಮಾತು.

ಆದ್ದರಿಂದ ನಾನು ಕ್ಷಮೆ ಕೇಳುತ್ತಿಲ್ಲ, ಶಿಫಾರಸು ಕೇಳುತ್ತಿಲ್ಲ, ಕಾಯಿದೆ ಮುರಿಯಿರೆಂದೂ ಕೇಳುತ್ತಿಲ್ಲ. ತಮ್ಮ ಕಾಯಿದೆಯ ಒಳಗೇ ಆಗಬಹುದಾದ ಒಂದು ಕೆಲಸ ಕೇಳುತ್ತಿದ್ದೇನೆ. ನನ್ನನ್ನು ನಪಾಸು ಮಾಡಿ. ನನ್ನ ಮೊದಲ ದರ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು, ಈ ಹುಡುಗ ಮೆಟ್ರಿಕ್ಕಿನಲ್ಲಿ ಬಿದ್ದನೆಂದು ಊರಿಗೆಲ್ಲ ಡಂಗುರ ಹೊಡೆಸಿ. ಮೀಸೆ ಬಂದವನು ಮಕ್ಕಳ ನಡುವೆ ಕುಳಿತನೆಂದು ನಗುವವರು ನಗಲಿ. ನಾನು ಕೂಡುತ್ತೇನೆ. ಅಷ್ಟು ದೊಡ್ಡ ಹುದ್ದೆಯಲ್ಲಿರುವ ತಮಗೆ ಒಬ್ಬ ಹುಡುಗನನ್ನು ಕೆಡವುವುದು ಕಷ್ಟವಾಗಲಾರದು. ಒಮ್ಮೆ ಕೆಡವಿದ್ದೀರಿ. ಈ ಸಲ ಕಾಗದದ ಮೇಲೆ ಕೆಡವಿ, ನಾನು ಎದ್ದು ಬರುತ್ತೇನೆ.

ಇಂತಿ,
ಪಾಸಾದ ತಪ್ಪಿಗೆ ಮನೆಯಲ್ಲಿ ಕುಳಿತಿರುವ
ವೈಜಿನಾಥ, ಶಾಂತಪ್ಪನ ಮಗ
ತಾಂಡೂರು, ಫಸಲಿ ೧೩೫೦ರ (ಇಸವಿ ೧೯೪೧) ಆಷಾಢ