ವಾರಗಿತ್ತಿಯ ಲ್ಯಾಪ್‌ಟಾಪ್

ಸೋಮವಾರ ೩, ಸಂಜೆ

ಇವತ್ತೂ ಆಗಲಿಲ್ಲ. ಅಳಿಸಿದೆ, ಮತ್ತೆ ಇನ್‌ಸ್ಟಾಲ್ ಮಾಡಿದೆ, ಮತ್ತೆ ಅದೇ ಕೆಂಪು ಅಕ್ಷರ. ಬೇಕಾಗಿರುವುದು ಇಷ್ಟೇ — ನನ್ನ ಲ್ಯಾಪ್‌ಟಾಪಿನೊಳಗೇ ಒಂದು ಪುಟ್ಟ ಬ್ಲಾಕ್‌ಚೈನ್, ಅಂದರೆ ಡಿಜಿಟಲ್ ನಾಣ್ಯಗಳ ಲೆಕ್ಕದ ಸರಪಳಿ, ಓಡಬೇಕು, ಅದರ ಸುಳ್ಳು ನಾಣ್ಯಗಳಲ್ಲಿ ಆ್ಯಪ್ ಪರೀಕ್ಷಿಸಬೇಕು. ವಾರಗಿತ್ತಿಯದು ಕಾಫಿ ಆರುವುದರೊಳಗೆ ಓಡಿತು.

"ಅಕ್ಕಾ, ನಿಮ್ದಿನ್ನೂ ಆಗ್ಲಿಲ್ವಾ?" ಇಡೀ ಆಫೀಸಿಗೆ ಕೇಳುವ ಹಾಗೆ! ಮೈ ಉರಿಯಿತು. ಅವಳನ್ನು ಈ ಕೆಲಸಕ್ಕೆ ಸೇರಿಸಿದವಳೇ ನಾನು.

ಶುಕ್ರವಾರ ಇಬ್ಬರೂ ಮ್ಯಾನೇಜರಿಗೆ ಆ್ಯಪ್ ತೋರಿಸಬೇಕು. ಯಾರದು ಚೆನ್ನಾಗಿದೆಯೋ ಅವರೇ ಹೊಸ ಟೀಮಿಗೆ ಲೀಡ್. ಮನೆಯಲ್ಲಿ ಅತ್ತೆಗೆ ಆಗಲೇ ಅವಳದೇ ಜಪ. ಆಫೀಸಿನಲ್ಲೂ ಅವಳ ಕೈಕೆಳಗೆ ಕೂರಬೇಕಾ ನಾನು?

ಮಂಗಳವಾರ ೪, ಮಧ್ಯಾಹ್ನ

"ನನ್ ಸೆಟ್ಟಿಂಗ್ಸ್ ಫೈಲ್ ಕೊಡ್ಲಾ ಅಕ್ಕಾ?"

"ಬೇಡಮ್ಮಾ, ನಂಗೂ ಬರುತ್ತೆ."

ಅವಳು ಊಟಕ್ಕೆ ಎದ್ದಳು. ಫೈಲ್ ಟೀಮಿನ ಫೋಲ್ಡರಿನಲ್ಲೇ ಇತ್ತು. ತೆಗೆದುಕೊಂಡೆ. ಓದುತ್ತಾ ಕೂರಲು ಪುರುಸೊತ್ತೆಲ್ಲಿ...

ಓಡಿತು! ಹೇಳುವುದಿಲ್ಲ ಅವಳಿಗೆ.

ಗುರುವಾರ ೬, ಬೆಳಿಗ್ಗೆ

ನಿನ್ನೆ ಬರೆಯಲಿಲ್ಲ. ದಿನವಿಡೀ ಕಮಾಂಡುಗಳನ್ನು ಕೈಯಲ್ಲೇ ಟೈಪ್ ಮಾಡಿ ನಾಟಕದ ಟಿಕೆಟ್ ಮಾರುವ ನನ್ನ ಆ್ಯಪ್ ಚೈನಿಗೆ ಏರಿಸಿದೆ. ನಾನು ಮುಟ್ಟದ ನಾಣ್ಯಗಳೂ ಒಂದೆರಡು ಸಲ ಕದಲಿದಂತೆ ಕಂಡವು. ಕಣ್ತಪ್ಪಿರಬೇಕು.

ಮಹಾರಾಣಿ ಈಗ ಲ್ಯಾಪ್‌ಟಾಪ್ ಮನೆಗೂ ತರುವುದಿಲ್ಲ. ಹಾಗೇ ಓಡಲು ಬಿಟ್ಟು ಬರುತ್ತಾಳೆ. ಹೆಗಲು ನೋಯುತ್ತದಂತೆ.

ಗುರುವಾರ, ಸಂಜೆ

ಅವಳ ಆ್ಯಪ್ ನೋಡಿದೆ. ನನ್ನದಕ್ಕಿಂತ ಚೆನ್ನಾಗಿದೆ. ಬಹಳ.

ಎಲ್ಲರೂ ಹೊರಟರು. ಅವಳೂ ಮೈದುನನ ಬೈಕ್ ಹತ್ತಿದಳು. ಅವಳ ಸ್ಕ್ರೀನಿನಲ್ಲಿ ಆ ಕಪ್ಪು ವಿಂಡೋ... ಅದನ್ನು ಮುಚ್ಚಿದರೆ ಚೈನ್ ನಿಲ್ಲುತ್ತದೆ, ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಮುಚ್ಚಿದೆ.

ನನ್ನ ಮೇಜಿಗೆ ಬಂದೆ. ನನ್ನ ಆ್ಯಪ್ ಖಾಲಿ! ಟಿಕೆಟ್ ಇಲ್ಲ, ನಾಣ್ಯ ಇಲ್ಲ, ಕನೆಕ್ಷನ್ನೇ ಇಲ್ಲ. ಆ ಫೈಲನ್ನು ಈಗ ಓದಿದೆ. ಅದರಲ್ಲಿದ್ದದ್ದು ಆಫೀಸಿನ ನೆಟ್‌ವರ್ಕಿನಲ್ಲಿ ಅವಳ ಮಷೀನಿನ ವಿಳಾಸ; ಫೋನಿನಿಂದಲೂ ಅವಳ ಚೈನಿಗೆ ಸೇರಿ ಪರೀಕ್ಷಿಸಲೆಂದು ಹಾಕಿಕೊಂಡಿದ್ದಳು. ನನ್ನದರೊಳಗೆ ಯಾವ ಚೈನೂ ಓಡುತ್ತಲೇ ಇರಲಿಲ್ಲ. ಇಷ್ಟು ದಿನವೂ ಅವಳದರ ಮೇಲೆ ಕೂತಿದ್ದೆ.

ಶುಕ್ರವಾರ ೭, ಬೆಳಿಗ್ಗೆ

ನನಗಿಂತ ಮೊದಲೇ ಬಂದಿದ್ದಳು. ಎಲ್ಲವನ್ನೂ ಒಂದೇ ಏಟಿಗೆ ಏರಿಸುವ ಸ್ಕ್ರಿಪ್ಟ್ ಬರೆದಿಟ್ಟುಕೊಂಡಿದ್ದಳಂತೆ. ಅವಳದು ಆಗಲೇ ಎದ್ದು ಕೂತಿತ್ತು. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಬಂದಳು. ಮೆಲ್ಲಗೆ ಹೇಳಿದಳು:

"ನಿಮ್ದು ನನ್ ಮಷೀನ್ ಮೇಲೆ ಓಡ್ತಿದೆ ಅಂತ ಮಂಗಳವಾರಾನೇ ಗೊತ್ತಾಯ್ತು ಅಕ್ಕಾ. ಹೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ ಸುಮ್ನಿದ್ದೆ. ನಿಮ್ ಕೆಲ್ಸ ನಿಲ್ಬಾರ್ದು ಅಂತ ಆಫ್ ಮಾಡ್ದೇ ಬಿಟ್ಟು ಹೋಗ್ತಿದ್ದೆ. ನಿನ್ನೆ ಹೇಗೋ ಕ್ಲೋಸ್ ಆಗ್ಬಿಟ್ಟಿದೆ... ನಾನೇ ಏನೋ ಒತ್ತಿರ್ಬೇಕು, ಸಾರಿ. ಬನ್ನಿ, ನಿಮ್ದೂ ಏರಿಸೋಣ. ನೀವೇ ಮೊದ್ಲು ತೋರ್ಸಿ."

ಈಗ ನನ್ನದನ್ನೇ ಟೈಪ್ ಮಾಡುತ್ತಿದ್ದಾಳೆ. ನಾನು ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಎಷ್ಟು ಬೇಗ ಓಡುತ್ತವೆ ಆ ಬೆರಳು! ಈಗಲೂ ಹೊಟ್ಟೆ ಉರಿಯುತ್ತಿದೆ, ಥೂ ನನ್ನ. ಆ ವಿಂಡೋ ಮುಚ್ಚಿದವಳು ನಾನೇ ಅಂತ ಮ್ಯಾನೇಜರ್ ಬರುವುದರೊಳಗೆ ಹೇಳಿಬಿಡಬೇಕು.

"ಏನ್ ಬರೀತಿದೀರಿ ಅಕ್ಕಾ?" ಅನ್ನುತ್ತಿದ್ದಾಳೆ. ನಾನು —